ಊರಿನ ಪತ್ರಿಕೆಯ ಮೂಲೆಯ ಜಾಹೀರಾತು: ಮುಂಬಯಿಗರ ಕಣ್ಣಿಗೆ ಬೀಳದ ನೋಟಿಸುಗಳು

ಊರಿನಿಂದ ಬಸ್ಸು ಹತ್ತಿ ಬರುವವರ ಕೈಚೀಲದಲ್ಲಿ ಹಲಸಿನ ಹಪ್ಪಳ, ಕುಚ್ಚಲಕ್ಕಿ, ಮಾವಿನಮಿಡಿ ಉಪ್ಪಿನಕಾಯಿಯ ಜೊತೆಗೆ ಊರಿನ ಪೇಪರೂ ಬರುತ್ತದೆ. ಓದಲಿಕ್ಕೆಂದು ತಂದದ್ದಲ್ಲ, ಹಪ್ಪಳದ ಕಟ್ಟಿಗೆ ಸುತ್ತಿದ್ದು. ಆದರೂ ಆ ಕಾಗದವನ್ನು ಬಿಡಿಸಿ, ಸುಕ್ಕು ತೆಗೆದು, ಊರಿನಲ್ಲಿ ಯಾರು ತೀರಿಕೊಂಡರು, ಯಾವ ದೇವಸ್ಥಾನದಲ್ಲಿ ಬ್ರಹ್ಮಕಲಶ ಎಂದು ನೋಡುವ ಹಿರಿಯರು ಮುಂಬಯಿಯ ತುಳು-ಕನ್ನಡಿಗರ ಮನೆಗಳಲ್ಲಿ ಇಂದಿಗೂ ಇದ್ದಾರೆ. ಸುದ್ದಿಯ ನಂತರ ಅವರ ಕಣ್ಣು ಹೋಗುವುದು ಶ್ರದ್ಧಾಂಜಲಿಯ ಫೋಟೋಗಳ ಕಡೆಗೆ. ಅದರ ಪಕ್ಕದಲ್ಲೇ, ಇರುವೆ ಸಾಲಿನಂತಹ ಅಕ್ಷರಗಳಲ್ಲಿ ಸರ್ವೆ ನಂಬರು, ಹಿಸ್ಸೆ, ಎಕರೆ-ಸೆಂಟ್ಸ್ ಎಂದೆಲ್ಲ ಅಚ್ಚಾಗಿರುವ ಚೌಕವನ್ನು ಮಾತ್ರ ಹೆಚ್ಚಿನವರು ಓದುವುದಿಲ್ಲ. ಅದು ನೋಟಿಸು. ಹಪ್ಪಳದ ಕಟ್ಟು ಮುಂಬಯಿಗೆ ತಲುಪುವ ಹೊತ್ತಿಗೆ ಅದರಲ್ಲಿ ಹೇಳಿದ ಗಡುವು ಅನೇಕ ಸಲ ಮುಗಿದೇ ಹೋಗಿರುತ್ತದೆ.

ಕರ್ನಾಟಕದ ಪ್ರತಿ ಜಿಲ್ಲೆಯಲ್ಲೂ, ದೊಡ್ಡ ತಾಲೂಕುಗಳಲ್ಲೂ ಸ್ಥಳೀಯ ಪತ್ರಿಕೆಗಳಿವೆ. ಮಡಿಕೇರಿಯ ‘ಶಕ್ತಿ’ 1957ರಿಂದ ನಡೆದುಬಂದಿದೆ. ಮೈಸೂರಿನಲ್ಲಿ ರಾಜಶೇಖರ ಕೋಟಿ ಅವರು ಕಟ್ಟಿದ ‘ಆಂದೋಲನ’, 1978ರಲ್ಲಿ ಆರಂಭವಾದ ‘ಮೈಸೂರು ಮಿತ್ರ’, ದಾವಣಗೆರೆಯ ‘ಜನತಾವಾಣಿ’, ತುಮಕೂರಿನ ‘ಪ್ರಜಾಪ್ರಗತಿ’, ಶಿರಸಿಯ ‘ಲೋಕಧ್ವನಿ’, ಸುಳ್ಯ-ಪುತ್ತೂರು-ಬೆಳ್ತಂಗಡಿ ಕಡೆಯ ‘ಸುದ್ದಿ ಬಿಡುಗಡೆ’ ಹೀಗೆ ಹೆಸರುಗಳನ್ನು ಹೇಳುತ್ತ ಹೋಗಬಹುದು. ಇವುಗಳಲ್ಲಿ ಕೆಲವಕ್ಕೆ ತಮ್ಮ ಜಿಲ್ಲೆಯೊಳಗೆ ರಾಜ್ಯ ಮಟ್ಟದ ಪತ್ರಿಕೆಗಳಿಗೆ ಇರುವಷ್ಟೇ ಓದುಗರ ಬಲವಿದೆ. ಹಾಗೆಯೇ ಸರಕಾರಿ ಜಾಹೀರಾತು ಬಂದ ದಿನ ಮಾತ್ರ ಪುಟ ತುಂಬಿಕೊಳ್ಳುವ, ಉಳಿದ ದಿನ ಯಾರ ಮನೆಗೂ ಹೋಗದ ಪತ್ರಿಕೆಗಳೂ ಇವೆ. ಎರಡೂ ತರಹದವನ್ನು ಒಂದೇ ತಕ್ಕಡಿಯಲ್ಲಿ ತೂಗುವುದರಿಂದ ನಿಜವಾಗಿ ದುಡಿಯುವ ಪತ್ರಿಕೆಗೆ ಅನ್ಯಾಯವಾಗುತ್ತಿದೆ.

ಈ ಪತ್ರಿಕೆಗಳಿಗೂ ಮುಂಬಯಿಗೂ ಇರುವ ಹಣಕಾಸಿನ ನಂಟು ಹಳೆಯದು. ಊರಿನ ದೈವಸ್ಥಾನದ ನೇಮ, ನಾಗಮಂಡಲ, ಶಾಲೆಯ ಶತಮಾನೋತ್ಸವ, ಯಕ್ಷಗಾನ ಬಯಲಾಟ ಇವೆಲ್ಲಕ್ಕೂ ‘ಸರ್ವರಿಗೂ ಆದರದ ಸ್ವಾಗತ’ ಎಂದು ಕಾಣಿಸಿಕೊಳ್ಳುವ ಜಾಹೀರಾತಿನ ಕೊನೆಯ ಸಾಲಿನಲ್ಲಿ ‘ಮುಂಬಯಿ ಸಮಿತಿ’ ಎಂಬ ಹೆಸರು ತಪ್ಪುವುದಿಲ್ಲ. ಉತ್ತರಕ್ರಿಯೆಯ ಆಮಂತ್ರಣ, ವರ್ಷಾಂತಿಕದ ಶ್ರದ್ಧಾಂಜಲಿ, ಚುನಾವಣೆ ಗೆದ್ದವರಿಗೆ ಅಭಿನಂದನೆ ಮುಂತಾದವುಗಳ ಬಿಲ್ಲನ್ನು ಅಂಧೇರಿಯಲ್ಲೋ ಡೊಂಬಿವಲಿಯಲ್ಲೋ ಇರುವ ಮಗ ತೀರಿಸುತ್ತಾನೆ. ಕೊಡುವಾಗ ಈ ನಗರದವರ ಹೆಸರು ಊರಿನ ಪತ್ರಿಕೆಯಲ್ಲಿ ದಪ್ಪಕ್ಷರದಲ್ಲಿ ಬರುತ್ತದೆ. ಆದರೆ ಕಳೆದುಕೊಳ್ಳುವಾಗ?

ಒಂದು ಚೌಕದ ಲೆಕ್ಕಾಚಾರ

ಪತ್ರಿಕೆಯಲ್ಲಿ ಜಾಗವನ್ನು ಅಳೆಯುವುದು ಕಾಲಂ ಸೆಂಟಿಮೀಟರ್ ಲೆಕ್ಕದಲ್ಲಿ. ಎರಡು ಕಾಲಂ ಅಗಲ, 10 ಸೆಂಟಿಮೀಟರ್ ಎತ್ತರದ ಜಾಹೀರಾತು ಎಂದರೆ 20 ಕಾಲಂ ಸೆಂಟಿಮೀಟರ್. ಜಿಲ್ಲಾ ಪತ್ರಿಕೆಯೊಂದರ ದರ ಸೆಂಟಿಮೀಟರಿಗೆ 40 ರೂಪಾಯಿ ಎಂದು ಇಟ್ಟುಕೊಂಡರೆ (ಇದು ಲೆಕ್ಕಕ್ಕಾಗಿ ಹಿಡಿದ ದರ) ಬಿಲ್ಲು 800 ರೂಪಾಯಿ. ಜಾಹೀರಾತು ಏಜೆನ್ಸಿಗೆ ಸಿಗುವ ರೂಢಿಯ ಕಮಿಷನ್ ಶೇಕಡಾ 15, ಅಂದರೆ 120 ರೂಪಾಯಿ. ಪತ್ರಿಕೆಯ ಜಾಗದ ಮಾರಾಟದ ಮೇಲೆ ಶೇಕಡಾ 5 ಜಿಎಸ್‌ಟಿ.

ಈಗ ಒಂದು ಕಂಪೆನಿ ಇಡೀ ಕರ್ನಾಟಕದ ಜಿಲ್ಲಾ ಪತ್ರಿಕೆಗಳಲ್ಲಿ ಜಾಹೀರಾತು ಕೊಡಬೇಕು ಎನ್ನೋಣ. ವಿಜಯನಗರ ಜಿಲ್ಲೆ 2021ರಲ್ಲಿ ಆದ ಮೇಲೆ ಜಿಲ್ಲೆಗಳು 31. ಜಿಲ್ಲೆಗೊಂದು ಪತ್ರಿಕೆ ಹಿಡಿದರೂ ಒಟ್ಟು ಬಿಲ್ಲು 24,800 ರೂಪಾಯಿ, ಏಜೆನ್ಸಿಯ ಪಾಲು 3,720 ರೂಪಾಯಿ. ಅಷ್ಟಕ್ಕೆ ಏಜೆನ್ಸಿಯ ಗುಮಾಸ್ತ 31 ರಿಲೀಸ್ ಆರ್ಡರ್ ಬರೆಯಬೇಕು, 31 ಕಡೆ ಮ್ಯಾಟರ್ ಕಳುಹಿಸಬೇಕು, ಪ್ರಕಟವಾದುದಕ್ಕೆ ಸಾಕ್ಷಿಯಾಗಿ 31 ವೌಚರ್ ಕಾಪಿ ತರಿಸಿಕೊಳ್ಳಬೇಕು, 31 ಬಿಲ್ಲು ತಾಳೆ ನೋಡಿ 31 ಪಾವತಿ ಮಾಡಬೇಕು. ಅದರಲ್ಲಿ ಮೂರು ಪತ್ರಿಕೆಗಳಲ್ಲಿ ತಾರೀಖು ತಪ್ಪಿರುತ್ತದೆ, ಎರಡರಲ್ಲಿ ಫೋನ್ ನಂಬರು ತಪ್ಪಿರುತ್ತದೆ, ಅದರ ಪತ್ರವ್ಯವಹಾರ ಬೇರೆ. ಅದೇ ಏಜೆನ್ಸಿ ರಾಜ್ಯ ಮಟ್ಟದ ಒಂದೇ ಪತ್ರಿಕೆಗೆ ಎಲ್ಲ ಆವೃತ್ತಿಗಳಿಗೆಂದು ಒಂದು ಲಕ್ಷ ರೂಪಾಯಿಯ ಜಾಹೀರಾತು ಕೊಟ್ಟರೆ ಒಂದು ಆರ್ಡರಿಗೆ 15,000 ರೂಪಾಯಿ ಕಮಿಷನ್. ಏಜೆನ್ಸಿಗಳು ಸಣ್ಣ ಪತ್ರಿಕೆಗಳ ಕಡೆ ತಲೆ ಹಾಕದಿರಲು ಇದಕ್ಕಿಂತ ದೊಡ್ಡ ಕಾರಣ ಹುಡುಕಬೇಕಾಗಿಲ್ಲ. ಓದುಗರಿಲ್ಲ ಎಂಬ ಮಾತಿಗಿಂತ ಗುಮಾಸ್ತಿಕೆಯ ಖರ್ಚೇ ಇಲ್ಲಿ ಹೆಚ್ಚು ಕೆಲಸ ಮಾಡಿದೆ.

ರಾಜ್ಯ ಮಟ್ಟದ ಪತ್ರಿಕೆಗಳು ಈ ಅನುಕೂಲವನ್ನು ಚೆನ್ನಾಗಿ ಬಳಸಿಕೊಂಡವು. 1999ರಲ್ಲಿ ವಿಜಯ ಸಂಕೇಶ್ವರರು ‘ವಿಜಯ ಕರ್ನಾಟಕ’ ಆರಂಭಿಸಿ, ಕಡಿಮೆ ಬೆಲೆಗೆ, ಹಲವು ಊರುಗಳಿಂದ ಮುದ್ರಿಸತೊಡಗಿದ ಮೇಲೆ ಕನ್ನಡ ಪತ್ರಿಕೋದ್ಯಮದ ಲೆಕ್ಕವೇ ಬದಲಾಯಿತು. ಆ ಪತ್ರಿಕೆ 2006ರಲ್ಲಿ ಟೈಮ್ಸ್ ಸಮೂಹದ ಪಾಲಾಯಿತು. ಪೈಪೋಟಿಯಲ್ಲಿ ಎಲ್ಲ ದೊಡ್ಡ ಪತ್ರಿಕೆಗಳೂ ಜಿಲ್ಲೆಗೊಂದು ಪುಟ, ಆವೃತ್ತಿಗೊಂದು ಪುರವಣಿ ತಂದವು. ಜಿಲ್ಲೆಯ ಬಟ್ಟೆ ಅಂಗಡಿ, ಚಿನ್ನದಂಗಡಿ, ಪಿಯು ಕಾಲೇಜುಗಳ ಜಾಹೀರಾತು ಕೂಡ ಆ ಪುಟಗಳಿಗೆ ಹೋಯಿತು. ರಾಜ್ಯವ್ಯಾಪಿ ಜಾಲವೆಂಬುದು ಕರ್ನಾಟಕದಲ್ಲಿ ಹುಟ್ಟಿತು ನಿಜ. ಆದರೆ ಅದು ಸಣ್ಣ ಪತ್ರಿಕೆಗಳು ಕೈಜೋಡಿಸಿ ಮಾಡಿದ ಜಾಲವಲ್ಲ, ದೊಡ್ಡ ಪತ್ರಿಕೆಗಳೇ ಜಿಲ್ಲೆಗಿಳಿದು ಮಾಡಿದ ಜಾಲ.

ಅಮೆರಿಕದವರು ಮಾಡಿದ್ದೇನು?

ಅಮೆರಿಕದಲ್ಲಿ ಊರೂರಿಗೂ ವಾರಪತ್ರಿಕೆಗಳಿದ್ದ ಕಾಲದಲ್ಲಿ ಇದೇ ತೊಂದರೆಗೆ ಅಲ್ಲಿನವರು ಬೇರೆ ದಾರಿ ಹಿಡಿದರು. ಹಲವು ರಾಜ್ಯಗಳಲ್ಲಿ ಪತ್ರಿಕೆಗಳ ಮಾಲಕರ ಸಂಘವೇ ಜಾಹೀರಾತು ಜಾಲ ಕಟ್ಟಿತು. ಗ್ರಾಹಕ ತನ್ನ ಊರಿನ ಪತ್ರಿಕಾ ಕಚೇರಿಗೆ ಹೋಗಿ ಸುಮಾರು 25 ಪದಗಳ ಒಂದು ಕ್ಲಾಸಿಫೈಡ್ ಕೊಟ್ಟು, ಒಂದೇ ದರ ಕಟ್ಟಿದರೆ ಅದು ರಾಜ್ಯದ ಎಲ್ಲ ಸದಸ್ಯ ಪತ್ರಿಕೆಗಳಲ್ಲಿ ಪ್ರಕಟವಾಗುತ್ತದೆ. ಒಂದು ಆರ್ಡರು, ಒಂದು ಬಿಲ್ಲು, ಒಂದು ಚೆಕ್ಕು. ಜಾಹೀರಾತು ಹಿಡಿದ ಪತ್ರಿಕೆಗೆ ಅದರ ಪಾಲು ಸಿಗುತ್ತದೆ, ಉಳಿದ ಪತ್ರಿಕೆಗಳು ತಮ್ಮ ಜಾಗ ಕೊಡುತ್ತವೆ, ಬಂದ ಹಣದಲ್ಲಿ ಸಂಘದ ಖರ್ಚು ನಡೆಯುತ್ತದೆ. ಎರಡು ಕಾಲಂ ಅಗಲ, ಎರಡು ಇಂಚು ಎತ್ತರದ ಚಿತ್ರಸಹಿತ ಜಾಹೀರಾತಿಗೂ ಇದೇ ಪದ್ಧತಿ, ಅದಕ್ಕೆ ‘ಟು ಬೈ ಟು’ ಎಂದೇ ಹೆಸರು. ಕ್ಯಾಲಿಫೋರ್ನಿಯಾದ ಪತ್ರಿಕಾ ಪ್ರಕಾಶಕರ ಸಂಘ ನಡೆಸಿದ ‘ಕ್ಯಾಲ್-ಸ್ಕ್ಯಾನ್’ ಎಂಬ ಜಾಲ ಇಂತಹದ್ದು. ಕೂಡು ಕುಟುಂಬದ ಹಬ್ಬದಡುಗೆಯಂತೆ ಒಬ್ಬರು ಅಕ್ಕಿ ತಂದರು, ಒಬ್ಬರು ಕಾಯಿ ತಂದರು, ಎಲ್ಲರೂ ಉಂಡರು.

ಆದರೆ ಆ ಅಡುಗೆ ಮನೆಯ ಒಲೆಯೂ ಈಗ ಮೊದಲಿನಂತೆ ಉರಿಯುತ್ತಿಲ್ಲ. 1995ರಲ್ಲಿ ಆರಂಭವಾದ ‘ಕ್ರೇಗ್ಸ್‌ಲಿಸ್ಟ್’ ಕಂಪ್ಯೂಟರಿನಲ್ಲಿ ಬಿಟ್ಟಿಯಾಗಿ ಕ್ಲಾಸಿಫೈಡ್ ಹಾಕಲು ಅವಕಾಶ ಕೊಟ್ಟಿತು, ಹಣ ಕೊಟ್ಟು ಹಾಕುವವರು ಕಡಿಮೆಯಾದರು. 2005ರಿಂದ 2023ರ ಒಳಗೆ ಅಮೆರಿಕದಲ್ಲಿ ಸುಮಾರು 2,900 ಪತ್ರಿಕೆಗಳು ಮುಚ್ಚಿದವೆಂದು ಅಲ್ಲಿನ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಅಧ್ಯಯನ ಲೆಕ್ಕ ಕೊಟ್ಟಿದೆ. ಉಳಿದ ಸಣ್ಣ ಪತ್ರಿಕೆಗಳಿಗೆ ಆಧಾರವಾಗಿ ನಿಂತದ್ದು ಕಾನೂನುಬದ್ಧ ನೋಟಿಸು. ಅದರಲ್ಲೂ ಫ್ಲೋರಿಡಾ ರಾಜ್ಯ 2022ರಲ್ಲಿ ಕಾಯ್ದೆ ಮಾಡಿ, 2023ರ ಜನವರಿಯಿಂದ ಸ್ಥಳೀಯ ಸರಕಾರಗಳು ಪತ್ರಿಕೆಯ ಬದಲು ಕೌಂಟಿಯ ವೆಬ್‌ಸೈಟಿನಲ್ಲಿ ನೋಟಿಸು ಹಾಕಿದರೂ ಸಾಕೆಂದಿತು. ಗಮನಿಸಬೇಕಾದ ಒಂದು ಒಳ್ಳೆಯ ಕೆಲಸವೂ ಅಲ್ಲಿ ಆಗಿದೆ. ಹಲವು ರಾಜ್ಯಗಳ ಪತ್ರಿಕಾ ಸಂಘಗಳು ತಮ್ಮ ಎಲ್ಲ ಸದಸ್ಯ ಪತ್ರಿಕೆಗಳಲ್ಲಿ ಬಂದ ನೋಟಿಸುಗಳನ್ನು ಒಂದೇ ಕಡೆ ಕೂಡಿಸಿ, ಯಾರು ಬೇಕಾದರೂ ಹೆಸರು ಹಾಕಿ ಹುಡುಕುವಂತೆ ಬಿಟ್ಟಿಯಾಗಿ ಒದಗಿಸಿವೆ. ಊರು ಬಿಟ್ಟು ದೂರ ಹೋದವನಿಗೆ ಇದರ ಬೆಲೆ ಏನೆಂಬುದು ಮುಂಬಯಿ ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕಾಯ್ದೆ ಹೇಳುವ ‘ಎರಡು ಪತ್ರಿಕೆ’

ಪತ್ರಿಕೆಯಲ್ಲಿ ನೋಟಿಸು ಹಾಕುವುದು ಸರಕಾರದ ಅಥವಾ ಬ್ಯಾಂಕಿನ ಮರ್ಜಿಯಲ್ಲ, ಅದು ಕಾಯ್ದೆಯ ಕಟ್ಟಳೆ. ಕರಾವಳಿಯವರಿಗೆ ಹತ್ತಿರದ ಉದಾಹರಣೆ ರಾಷ್ಟ್ರೀಯ ಹೆದ್ದಾರಿ. ಹಿಂದೆ 17 ಎಂಬ ಸಂಖ್ಯೆ ಇದ್ದು 2010ರಲ್ಲಿ 66 ಆದ ಹೆದ್ದಾರಿಯ ಅಗಲೀಕರಣಕ್ಕೆ ತಲಪಾಡಿಯಿಂದ ಕಾರವಾರದ ತನಕ ಎಷ್ಟೋ ಮನೆ, ಅಂಗಡಿ, ತೋಟದ ಅಂಚು ಹೋಯಿತು. 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ ಪ್ರಕಾರ ಜಮೀನು ಬೇಕೆಂಬ ಅಧಿಸೂಚನೆ ಕೇಂದ್ರದ ಗಜೆಟಿನಲ್ಲಿ ಬರುತ್ತದೆ, ಅದರ ಸಾರಾಂಶವನ್ನು ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಹಾಕಬೇಕು, ಅವುಗಳಲ್ಲೊಂದು ದೇಶಭಾಷೆಯದಾಗಿರಬೇಕು. ಆಕ್ಷೇಪಣೆಗೆ ಇರುವ ಅವಧಿ ಅಧಿಸೂಚನೆ ಪ್ರಕಟವಾದಂದಿನಿಂದ 21 ದಿನ. ಮುಂದೆ ಪರಿಹಾರದ ಮೊತ್ತ ನಿರ್ಧರಿಸುವ ಮುನ್ನ ಹಕ್ಕುದಾರರು ಬರಲಿ ಎಂದು ಮತ್ತೊಮ್ಮೆ ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಪ್ರಕಟಣೆ.

ಬೇರೆ ಕಾರಣಗಳಿಗೆ ಭೂಸ್ವಾಧೀನವಾಗುವಾಗ ಅನ್ವಯವಾಗುವ 2013ರ ಕಾಯ್ದೆ ಸ್ವಲ್ಪ ಉದಾರ. ಆ ಪ್ರದೇಶದಲ್ಲಿ ಪ್ರಸಾರವಿರುವ ಎರಡು ದಿನಪತ್ರಿಕೆಗಳು (ಒಂದು ಪ್ರಾದೇಶಿಕ ಭಾಷೆಯದು), ಗ್ರಾಮ ಪಂಚಾಯತಿ, ತಾಲೂಕು ಕಚೇರಿ, ವೆಬ್‌ಸೈಟು ಎಲ್ಲ ಕಡೆ ಪ್ರಕಟಿಸಬೇಕು. ಆಕ್ಷೇಪಣೆಗೆ 60 ದಿನ ಸಿಗುತ್ತದೆ.

ಕಾಪು ಕಡೆಯ ಒಬ್ಬರು ಮೀರಾರೋಡಿನಲ್ಲಿ ನೆಲೆಸಿ ನಲವತ್ತು ವರ್ಷವಾಗಿದೆ ಎಂದಿಟ್ಟುಕೊಳ್ಳೋಣ. ಊರಿನ ಮನೆಗೆ ಬೀಗ. ಆರ್‌ಟಿಸಿಯಲ್ಲಿ ಇನ್ನೂ ಅಜ್ಜನ ಹೆಸರು. ನೋಟಿಸು ಊರಿನ ಪತ್ರಿಕೆಯಲ್ಲಿ ಕಾಯ್ದೆ ಹೇಳಿದಂತೆಯೇ ಬಂತು. ಅಧಿಕಾರಿಯ ಕಡತದಲ್ಲಿ ವೌಚರ್ ಕಾಪಿ ಭದ್ರವಾಗಿ ಸೇರಿತು. 21 ದಿನ ಕಳೆಯಿತು. ಊರಿನಲ್ಲೇ ಇದ್ದ ದಾಯಾದಿಯೊಬ್ಬರು ಕಚೇರಿಗೆ ಹೋಗಿ ತಮ್ಮ ಹಕ್ಕು ಹೇಳಿಕೊಂಡರು. ಮೀರಾರೋಡಿನವರಿಗೆ ಸುದ್ದಿ ಸಿಕ್ಕಿದ್ದು ಮುಂದಿನ ಮೇ ತಿಂಗಳಲ್ಲಿ ಮದುವೆಗೆಂದು ಊರಿಗೆ ಹೋದಾಗ. ಇಲ್ಲಿ ಅಧಿಕಾರಿಯಿಂದಾಗಲಿ ಪತ್ರಿಕೆಯಿಂದಾಗಲಿ ಕಾಯ್ದೆಯ ಲೋಪವೇನೂ ಆಗಿಲ್ಲ. ‘ಸ್ಥಳೀಯ’ ಎಂದು ಬರೆದ ಕಾಯ್ದೆಗೆ ಸ್ಥಳದಲ್ಲಿ ಇಲ್ಲದ ಹಕ್ಕುದಾರನ ಕಲ್ಪನೆಯೇ ಇಲ್ಲ.

ಸಹಿ ಹಾಕಿದ ಜಾಮೀನು

ಎರಡನೆಯ ತರಹದ ನೋಟಿಸು ಬ್ಯಾಂಕಿನದು. ಊರಿನಲ್ಲಿ ಅಕ್ಕನ ಮಗ ಅಂಗಡಿ ಹಾಕುತ್ತಾನೆ, ಮೀನುಗಾರಿಕೆ ಬೋಟು ತೆಗೆಯುತ್ತಾನೆ, ಮನೆ ಕಟ್ಟಿಸುತ್ತಾನೆ. ಸಾಲಕ್ಕೆ ಮುಂಬಯಿಯ ಮಾವ ಜಾಮೀನು. ಸಂಬಳದ ಚೀಟಿಯೋ ಹೊಟೇಲಿನ ಆದಾಯ ತೆರಿಗೆ ಕಾಗದವೋ ಇರುವುದು ಮಾವನ ಹತ್ತಿರ ತಾನೆ? ‘ಬರೀ ಒಂದು ಸಹಿ’ ಎಂದು ಹೇಳಿ ಹಾಕಿಸಿಕೊಂಡದ್ದು. 1872ರ ಕರಾರು ಕಾಯ್ದೆಯ ಪ್ರಕಾರ ಕರಾರಿನಲ್ಲಿ ಬೇರೆ ರೀತಿ ಹೇಳದಿದ್ದರೆ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ, ಒಂದು ಪೈಸೆ ಕಡಿಮೆ ಇಲ್ಲ. 2002ರ ಸರ್ಫೇಸಿ ಕಾಯ್ದೆಯಲ್ಲಂತೂ ‘ಸಾಲಗಾರ’ ಎಂಬ ಶಬ್ದದ ಅರ್ಥದಲ್ಲೇ ಜಾಮೀನುದಾರನೂ ಸೇರಿದ್ದಾನೆ.

ಸಾಲ ಕೆಟ್ಟಾಗ ಬ್ಯಾಂಕು ಮೊದಲು 60 ದಿನಗಳ ಡಿಮ್ಯಾಂಡ್ ನೋಟಿಸು ಕೊಡುತ್ತದೆ. ಕಟ್ಟದಿದ್ದರೆ ಆಸ್ತಿಯ ಸ್ವಾಧೀನ. ಸ್ವಾಧೀನ ಪಡೆದ 7 ದಿನಗಳೊಳಗೆ ನೋಟಿಸನ್ನು ಎರಡು ಪ್ರಮುಖ ಪತ್ರಿಕೆಗಳಲ್ಲಿ ಹಾಕಬೇಕು, ಅದರಲ್ಲೊಂದು ಆ ಪ್ರದೇಶದಲ್ಲಿ ಸಾಕಷ್ಟು ಪ್ರಸಾರವಿರುವ ದೇಶಭಾಷೆಯ ಪತ್ರಿಕೆ. ಬ್ಯಾಂಕಿನ ಕ್ರಮ ಸರಿಯಲ್ಲವೆಂದು ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಲು ಇರುವ ಅವಕಾಶ 45 ದಿನ. ಕೃಷಿ ಭೂಮಿಗೆ ಈ ಕಾಯ್ದೆ ತಗಲುವುದಿಲ್ಲ, ಆದರೆ ಪೇಟೆಯಲ್ಲಿ ಕಟ್ಟಿದ ಮನೆಗೆ, ಅಂಗಡಿ ಕೋಣೆಗೆ, ಪರಿವರ್ತನೆಯಾದ ಜಾಗಕ್ಕೆ ತಗಲುತ್ತದೆ. ರಿಜಿಸ್ಟರ್ಡ್ ಅಂಚೆಯ ಪತ್ರ ಹೋಗುವುದು ಸಾಲದ ಕಾಗದದಲ್ಲಿ ಬರೆದ ವಿಳಾಸಕ್ಕೆ. ಹತ್ತು ವರ್ಷದ ಹಿಂದೆ ಬಿಟ್ಟ ಘಾಟ್ಕೋಪರಿನ ಚಾಳಿನ ವಿಳಾಸವೇ ಅಲ್ಲಿ ಉಳಿದಿದ್ದರೆ ಪತ್ರ ‘ಮನೆ ಬಿಟ್ಟಿದ್ದಾರೆ’ ಎಂಬ ಷರಾ ಹೊತ್ತು ಮರಳುತ್ತದೆ. ಆಮೇಲೆ ಉಳಿಯುವುದು ಪತ್ರಿಕೆಯ ಚೌಕ ಮಾತ್ರ. ವಿಳಾಸ ಬದಲಾದಾಗ ಗ್ಯಾಸಿನವರಿಗೆ, ರೇಷನ್ ಕಾರ್ಡಿಗೆ ತಿಳಿಸುವವರು ಜಾಮೀನು ಹಾಕಿದ ಬ್ಯಾಂಕಿಗೆ ಎರಡು ಸಾಲು ಬರೆದು ಸ್ವೀಕೃತಿ ಪಡೆಯುವುದನ್ನು ಮರೆಯುತ್ತಾರೆ. ಖರ್ಚಿಲ್ಲದ ಕೆಲಸ ಅದು.

ಪಾಲು ದಾವೆ ಮತ್ತು ಮುಂಬಯಿಯ ಪತ್ರಿಕೆ

ಮೂರನೆಯದು ಪಾಲು ದಾವೆ. ಅಳಿಯಕಟ್ಟಿನ ದೊಡ್ಡ ಕುಟುಂಬಗಳಲ್ಲಿ ಪಾಲುದಾರರ ಸಂಖ್ಯೆ ಐವತ್ತು-ಅರುವತ್ತು ದಾಟುವುದುಂಟು, ಅವರಲ್ಲಿ ಮೂರನೇ ಒಂದು ಭಾಗ ಮುಂಬಯಿ, ಪುಣೆ, ಕೊಲ್ಲಿ ದೇಶಗಳಲ್ಲಿ ಇದ್ದರೆ ಆಶ್ಚರ್ಯವಿಲ್ಲ. ಪ್ರತಿವಾದಿಗೆ ಸಮನ್ಸ್ ಜಾರಿಯಾಗದಿದ್ದರೆ ನ್ಯಾಯಾಲಯ ಪತ್ರಿಕಾ ಪ್ರಕಟಣೆಗೆ ಅನುಮತಿ ಕೊಡುತ್ತದೆ. ಇಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆ ಊರು ಬಿಟ್ಟವರ ಪರವಾಗಿ ಒಂದು ಮಾತು ಹೇಳಿದೆ. 1976ರ ತಿದ್ದುಪಡಿಯಲ್ಲಿ ಸೇರಿದ ನಿಯಮದಂತೆ, ಪ್ರತಿವಾದಿ ಕೊನೆಯದಾಗಿ ನಿಜವಾಗಿ ವಾಸವಿದ್ದ, ವ್ಯಾಪಾರ ಮಾಡಿದ ಅಥವಾ ದುಡಿದ ಪ್ರದೇಶದಲ್ಲಿ ಪ್ರಸಾರವಿರುವ ದಿನಪತ್ರಿಕೆಯಲ್ಲೇ ಆ ಪ್ರಕಟಣೆ ಬರಬೇಕು. ಅಂದರೆ ಕೊನೆಯ ವಿಳಾಸ ಮುಂಬಯಿಯದಾದರೆ ಉಡುಪಿಯಲ್ಲಿ ಮಾತ್ರ ಮಾರಾಟವಾಗುವ ಪತ್ರಿಕೆ ಸಾಲದು. ಕಾರ್ಕಳ, ಕುಂದಾಪುರ, ಪುತ್ತೂರು ನ್ಯಾಯಾಲಯಗಳ ಪ್ರಕಟಣೆಗಳಿಗೆ ಮುಂಬಯಿಯ ಕನ್ನಡ ಪತ್ರಿಕೆಗಳಲ್ಲಿ ಜಾಗವಿರುವುದು ಇದಕ್ಕಾಗಿಯೇ.

ಪ್ರಕಟಣೆ ಕಣ್ಣಿಗೆ ಬೀಳದೆ ಏಕಪಕ್ಷೀಯ ಡಿಕ್ರಿ ಆಗಿಹೋಯಿತು ಎನ್ನೋಣ. ಅದನ್ನು ರದ್ದುಪಡಿಸಲು ಅರ್ಜಿ ಹಾಕುವ ಅವಧಿ 30 ದಿನ. ಸಮನ್ಸ್ ಸರಿಯಾಗಿ ಜಾರಿಯಾಗದ ಪ್ರಸಂಗದಲ್ಲಿ ಆ 30 ದಿನಗಳನ್ನು ಎಣಿಸುವುದು ಡಿಕ್ರಿಯ ವಿಷಯ ತಿಳಿದ ದಿನದಿಂದ. ಈ ಲೆಕ್ಕದ ಮಟ್ಟಿಗೆ ಪತ್ರಿಕೆಯ ಮೂಲಕ ಮಾಡಿದ ಜಾರಿಯನ್ನು ಸರಿಯಾದ ಜಾರಿ ಎಂದು ತಿಳಿಯಬಾರದು ಎಂದು 1963ರ ಕಾಲಮಿತಿ ಕಾಯ್ದೆಯ ವಿವರಣೆಯಲ್ಲೇ ಬರೆದಿದೆ. ಹಾಗಾಗಿ ತಡವಾಗಿ ತಿಳಿದವರು ಕೈಚೆಲ್ಲಿ ಕುಳಿತುಕೊಳ್ಳಬೇಕಾಗಿಲ್ಲ. ಆದರೆ ತಿಳಿದ ದಿನವೇ ಊರಿನ ನ್ಯಾಯವಾದಿಗೆ ಫೋನು ಮಾಡಬೇಕು. ‘ಬೇಸಿಗೆ ರಜೆಯಲ್ಲಿ ಹೋದಾಗ ನೋಡಿದರಾಯಿತು’ ಎಂದರೆ ಆ 30 ದಿನವೂ ಹೋಗುತ್ತದೆ.

ಮುಂಬಯಿಯವರಿಗೆ ಪತ್ರಿಕಾ ನೋಟಿಸು ಹೊಸದೇನಲ್ಲ. ಇಲ್ಲಿ ಫ್ಲ್ಯಾಟು ಕೊಳ್ಳುವಾಗ ವಕೀಲರು ‘ಯಾರದಾದರೂ ತಕರಾರಿದ್ದರೆ 14 ದಿನಗಳಲ್ಲಿ ತಿಳಿಸಿ’ ಎಂದು ಇಂಗ್ಲಿಷ್ ಮತ್ತು ಮರಾಠಿ ಪತ್ರಿಕೆಗಳಲ್ಲಿ ಹಾಕಿಸುತ್ತಾರೆ. ನಾಮಿನಿ ಇಲ್ಲದೆ ಸದಸ್ಯ ತೀರಿಕೊಂಡರೆ ಹೌಸಿಂಗ್ ಸೊಸೈಟಿಯೂ ಸ್ಥಳೀಯ ಪತ್ರಿಕೆಯಲ್ಲಿ ಪ್ರಕಟಣೆ ಕೊಡುತ್ತದೆ. ಆರುನೂರು ಚದರ ಅಡಿಯ ಫ್ಲ್ಯಾಟಿಗೆ ಇಷ್ಟು ಜಾಗರೂಕರಾಗಿರುವವರೇ ಊರಿನ ಎರಡು ಎಕರೆಯ ವಿಷಯದಲ್ಲಿ ‘ಅಣ್ಣ ಇದ್ದಾನಲ್ಲ, ನೋಡಿಕೊಳ್ಳುತ್ತಾನೆ’ ಎನ್ನುತ್ತಾರೆ.

ಸಣ್ಣ ಪತ್ರಿಕೆಯ ಕಷ್ಟ

ಇತ್ತ ನೋಟಿಸು ಅಚ್ಚು ಹಾಕುವ ಪತ್ರಿಕೆಗಳ ಸ್ಥಿತಿಯೂ ಸುಖದ್ದಲ್ಲ. ಕೇಂದ್ರ ಸರಕಾರದ ಜಾಹೀರಾತು ನೀತಿಯಲ್ಲಿ 25,000 ಪ್ರತಿಗಳ ತನಕ ಸಣ್ಣ ಪತ್ರಿಕೆ, 75,000ದ ತನಕ ಮಧ್ಯಮ, ಅದಕ್ಕೂ ಮೇಲೆ ದೊಡ್ಡದು. ಡಿಎವಿಪಿ ಎಂದು ದಶಕಗಳ ಕಾಲ ಹೆಸರಾಗಿದ್ದ ಇಲಾಖೆ ಈಗ ಕೇಂದ್ರ ಸಂವಹನ ಬ್ಯೂರೋ ಆಗಿದೆ. ರಾಜ್ಯ ಸರಕಾರದ ಜಾಹೀರಾತನ್ನು ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆ ತನ್ನ ಮಾಧ್ಯಮ ಪಟ್ಟಿಯಲ್ಲಿರುವ ಪತ್ರಿಕೆಗಳಿಗೆ ಕೊಡುತ್ತದೆ. ಎಲ್ಲ ಜಿಲ್ಲೆಗಳ ಪತ್ರಿಕೆಗಳಿಗೂ ಒಂದೇ ದಿನ ಒಂದೇ ಜಾಹೀರಾತು ಹೋಗುವುದು ಗಣರಾಜ್ಯೋತ್ಸವ, ರಾಜ್ಯೋತ್ಸವದಂತಹ ದಿನಗಳಲ್ಲಿ. ನಿಜ ಹೇಳಬೇಕೆಂದರೆ ಕರ್ನಾಟಕದ ಸಣ್ಣ ಪತ್ರಿಕೆಗಳಿಗೆ ರಾಜ್ಯವ್ಯಾಪಿ ಜಾಹೀರಾತು ಜಾಲವೆಂದು ಇರುವುದು ಇದೊಂದೇ, ಅದರ ಕೀಲಿಕೈ ಸರಕಾರದ ಜೇಬಿನಲ್ಲಿದೆ. ಮಂತ್ರಿಯ ವಿರುದ್ಧ ಬರೆಯುವ ಸಂಪಾದಕ ಆ ವಾರದ ಬಿಲ್ಲನ್ನೂ ನೆನೆಯಬೇಕಾಗುತ್ತದೆ.

ಬಿಲ್ಲು ಬರುವುದಾದರೂ ಯಾವಾಗ? ಕಾಗದ, ಪ್ಲೇಟು, ಶಾಯಿಗೆ ಕೈಯಿಂದ ಹಣ ಹಾಕಿ ಅಚ್ಚು ಮಾಡಿದ ಮೇಲೆ ಸರಕಾರಿ ಪಾವತಿಗೆ ತಿಂಗಳುಗಟ್ಟಲೆ ಕಾಯುವುದು ಈ ಪತ್ರಿಕೆಗಳಿಗೆ ರೂಢಿಯಾಗಿದೆ. ಟೆಂಡರು ನೋಟಿಸುಗಳಿಂದ ಬರುತ್ತಿದ್ದ ಆದಾಯವೂ ಇಳಿದಿದೆ. ಕರ್ನಾಟಕದಲ್ಲಿ ಇ-ಸಂಗ್ರಹಣೆ ಬಂದ ಮೇಲೆ ಟೆಂಡರಿನ ಪೂರ್ತಿ ವಿವರ ಕಂಪ್ಯೂಟರಿನಲ್ಲಿ, ಪತ್ರಿಕೆಯಲ್ಲಿ ನಾಲ್ಕು ಸಾಲಿನ ಸಾರಾಂಶ. ಹಿಂದೆ ಅರ್ಧ ಪುಟ ತುಂಬುತ್ತಿದ್ದ ಲೋಕೋಪಯೋಗಿ ಇಲಾಖೆಯ ಪಟ್ಟಿ ಈಗ ಬೆಂಕಿಪೊಟ್ಟಣದಷ್ಟಾಗಿದೆ.

ಅಮೆರಿಕದ ಮಾದರಿಯಲ್ಲಿ ಕರ್ನಾಟಕದ ಜಿಲ್ಲಾ ಪತ್ರಿಕೆಗಳು ಒಂದೇ ದರಪಟ್ಟಿ, ಒಂದೇ ಬಿಲ್ಲು ಮಾಡಿಕೊಂಡರೆ ಏನು ತೊಂದರೆ? ಯೋಚನೆ ಒಳ್ಳೆಯದೇ. ಅಡ್ಡಿ ಬರುವುದು ಪ್ರಸಾರ ಸಂಖ್ಯೆಯಲ್ಲಿ. 1948ರಿಂದ ಇರುವ ಎಬಿಸಿಯ ಲೆಕ್ಕಪರೀಕ್ಷೆಗೆ ಒಳಗಾಗುವ ಸಣ್ಣ ಪತ್ರಿಕೆಗಳು ಕಡಿಮೆ. ಉಳಿದವರು ಚಾರ್ಟರ್ಡ್ ಅಕೌಂಟೆಂಟರ ಪ್ರಮಾಣಪತ್ರ ತೋರಿಸುತ್ತಾರೆ. ಎಂಟು ಸಾವಿರ ಪ್ರತಿಯನ್ನು ನಿಜವಾಗಿ ಮನೆಮನೆಗೆ ಹಂಚುವವನೂ, ಇಪ್ಪತ್ತು ಸಾವಿರವೆಂದು ಕಾಗದದಲ್ಲಿ ಬರೆದು ಐನೂರು ಮುದ್ರಿಸುವವನೂ ಒಂದೇ ಜಾಲದಲ್ಲಿ ಕುಳಿತರೆ ಹಣ ಹಂಚುವುದು ಹೇಗೆ? ಮೊದಲನೆಯವನು ಎರಡು ತಿಂಗಳಲ್ಲಿ ಎದ್ದು ಹೋಗುತ್ತಾನೆ. ಆದ್ದರಿಂದ ಜಾಲ ಕಟ್ಟುವವರು ಮೊದಲು ಪೇಪರು ಕಟ್ಟು ಇಳಿಯುವ ಬಸ್‌ಸ್ಟ್ಯಾಂಡಿಗೆ ಬೆಳಿಗ್ಗೆ ಐದಕ್ಕೆ ಹೋಗಿ ಕಟ್ಟು ಎಣಿಸಬೇಕು, ಆಮೇಲೆ ದರಪಟ್ಟಿ. 1867ರ ಹಳೆಯ ಪತ್ರಿಕಾ ನೋಂದಣಿ ಕಾಯ್ದೆ ಹೋಗಿ 2023ರ ಹೊಸ ಕಾಯ್ದೆ 2024ರ ಮಾರ್ಚ್ 1ರಿಂದ ಜಾರಿಗೆ ಬಂದಿದೆ. ನೋಂದಣಿ ಸುಲಭವಾಯಿತು, ಕಟ್ಟು ಎಣಿಸುವ ಕೆಲಸ ಹಾಗೆಯೇ ಉಳಿದಿದೆ.

ಮುಂಬಯಿಯಲ್ಲಿ ಕುಳಿತು ಮಾಡಬಹುದಾದದ್ದು

ಜಾಲ ಆಗುವ ತನಕ ಕಾಯಬೇಕಾಗಿಲ್ಲ. ಕರ್ನಾಟಕದ ‘ಭೂಮಿ’ ವ್ಯವಸ್ಥೆಯಲ್ಲಿ ಸರ್ವೆ ನಂಬರು ಹಾಕಿ ಆರ್‌ಟಿಸಿಯನ್ನು ಎಲ್ಲಿಂದ ಬೇಕಾದರೂ ನೋಡಬಹುದು. ಮಕ್ಕಳ ಕೈಯಲ್ಲಿ ಮೊಬೈಲಿದೆ, ಮೂರು ತಿಂಗಳಿಗೊಮ್ಮೆ ಐದು ನಿಮಿಷ ಸಾಕು. ದಾವೆ ಇದೆಯೇ ಎಂದು ಇ-ಕೋರ್ಟ್ಸ್ ತಾಣದಲ್ಲಿ ಜಿಲ್ಲೆ, ನ್ಯಾಯಾಲಯ, ಹೆಸರು ಕೊಟ್ಟು ಹುಡುಕಬಹುದು. ಹುಡುಕುವಾಗ ಹೆಸರನ್ನು ಎರಡು-ಮೂರು ತರಹ ಬರೆದು ನೋಡಬೇಕು, ಏಕೆಂದರೆ ಮುಂಬಯಿಯಲ್ಲಿ ‘ಎಸ್. ಕೆ. ಶೆಟ್ಟಿ’ ಆದವರು ಊರಿನ ದಾಖಲೆಯಲ್ಲಿ ಮನೆತನದ ಹೆಸರು, ತಾಯಿಯ ಹೆಸರು ಸೇರಿದ ಉದ್ದನೆಯ ಮನುಷ್ಯ.

ಸಂಘ-ಸಂಸ್ಥೆಗಳು ಮನಸ್ಸು ಮಾಡಿದರೆ ಇದಕ್ಕಿಂತ ಹೆಚ್ಚು ಮಾಡಬಹುದು. 1926ರ ಮೈಸೂರು ಅಸೋಸಿಯೇಷನ್, 1933ರ ಕರ್ನಾಟಕ ಸಂಘದಂತಹ ಹಿರಿಯ ಸಂಸ್ಥೆಗಳಿಂದ ಹಿಡಿದು ಉಪನಗರದ ಸಣ್ಣ ಸಂಘಗಳ ತನಕ ಈ ನಗರದಲ್ಲಿ ಕನ್ನಡದ ಕಚೇರಿಗಳಿಗೆ ಬರವಿಲ್ಲ. ಬಂಟರ, ಬಿಲ್ಲವರ, ಮೊಗವೀರರ ಸಂಸ್ಥೆಗಳಿಗೆ ತಮ್ಮದೇ ಮಾಸಿಕಗಳಿವೆ: ‘ಬಂಟರವಾಣಿ’, ‘ಅಕ್ಷಯ’, ‘ಮೊಗವೀರ’. ಊರಿನ ನಾಲ್ಕೈದು ಪತ್ರಿಕೆಗಳನ್ನು ತರಿಸಿ, ಅದರಲ್ಲಿ ಬಂದ ಭೂಸ್ವಾಧೀನ ಮತ್ತು ನ್ಯಾಯಾಲಯದ ಪ್ರಕಟಣೆಗಳಿಂದ ಗ್ರಾಮದ ಹೆಸರು, ಸರ್ವೆ ನಂಬರು, ಪತ್ರಿಕೆಯ ತಾರೀಖು ಇಷ್ಟನ್ನು ಒಂದು ಹಾಳೆಯಲ್ಲಿ ಟೈಪು ಮಾಡಿ ಪ್ರತಿ ಭಾನುವಾರ ನೋಟಿಸು ಬೋರ್ಡಿಗೆ ಹಚ್ಚಲು ನಿವೃತ್ತರಾದ ಇಬ್ಬರು ಸದಸ್ಯರು ಸಾಕು. ಈಗ ವಾಟ್ಸಾಪ್ ಗುಂಪುಗಳೂ ಇವೆ, ಬೆಳಗಿನ ಶುಭೋದಯದ ಹೂವಿನ ಜೊತೆಗೆ ಈ ಹಾಳೆಯೂ ಹೋಗಲಿ. ಮಾಸಿಕಗಳಿಗೆ 21 ದಿನದ ಗಡುವು ಸಿಗಲಾರದು, 60 ದಿನದ್ದು ಸಿಗುತ್ತದೆ.

ಎಲ್ಲಕ್ಕಿಂತ ಮೊದಲು ಆಗಬೇಕಾದದ್ದು ಪೌತಿ ಖಾತೆ. ಅಜ್ಜ ತೀರಿ ಮೂವತ್ತು ವರ್ಷವಾದರೂ ಆರ್‌ಟಿಸಿಯಲ್ಲಿ ಅವರ ಹೆಸರೇ ಇದ್ದರೆ ಇಲಾಖೆಯ ನೋಟಿಸು ಹೋಗುವುದು ಅಜ್ಜನ ಹೆಸರಿಗೆ. ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದು ತಾಲೂಕಿನ ನಾಡಕಚೇರಿಗೆ ಅರ್ಜಿ ಕೊಟ್ಟು ವಾರಸುದಾರರ ಹೆಸರು ಸೇರಿಸಿಕೊಳ್ಳಬೇಕು, ಆಗ ಮುಂಬಯಿಯ ವಿಳಾಸವನ್ನು ಪಿನ್‌ಕೋಡ್ ಸಹಿತ ಪೂರ್ತಿ ಬರೆಸಬೇಕು. ಊರಿನ ಪತ್ರಿಕೆಗಳ ನೋಟಿಸುಗಳಲ್ಲಿ ವಾರಸುದಾರರ ಹೆಸರಿನ ಮುಂದೆ ‘ಸದ್ರಿ ವಾಸ: ಬೊಂಬಾಯಿ’ ಎಂದಿಷ್ಟೇ ಬರೆದಿರುವುದುಂಟು. ಅಷ್ಟು ವಿಳಾಸ ಹಿಡಿದು ಈ ನಗರದಲ್ಲಿ ಯಾವ ಅಂಚೆಯವನೂ ಯಾರ ಮನೆಯನ್ನೂ ಹುಡುಕಲಾರ.